ಕೊಕ್ಕರೆಯ ಎಡಗೈ, ಅತ್ತೆಯ ಪುಸ್ತಕ

ಅವನನ್ನು ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು. ಮೊದಲ ಸಲ ನೋಡಿದವರಿಗೆ ಇದು ಕತ್ತಿನ ಉದ್ದಕ್ಕೆ ಬಂದ ಹೆಸರು ಅನಿಸುತ್ತಿತ್ತು. ನಿಜವಾಗಿ ಬಂದದ್ದು ಕೆಲಸದಿಂದ. ಮಣ್ಣು ಅಗೆಯುವ ದೊಡ್ಡ ಮೆಷಿನ್ನಿನಲ್ಲಿ ಕೂತು, ಅದರ ಉದ್ದನೆಯ ತೋಳನ್ನು ನೆಲಕ್ಕಿಳಿಸಿ, ಕೆಸರಿನಿಂದ ಮೀನು ಹೆಕ್ಕಿದಷ್ಟು ನಾಜೂಕಾಗಿ ಅವನು ನೀರಿನ ಪೈಪುಗಳ ನಡುವಿನ ಮಣ್ಣನ್ನು ಹೆಕ್ಕುತ್ತಿದ್ದ. ಇಪ್ಪತ್ತಾರು ವರ್ಷಗಳಲ್ಲಿ ಅವನು ಒಡೆದದ್ದು ಒಂದೇ ಒಂದು ಪೈಪು, ಅದೂ ನಕ್ಷೆಯಲ್ಲಿ ಇಲ್ಲದ ಪೈಪು. ಕತ್ತು ಉದ್ದವಾಗಿದ್ದದ್ದು ಕಾಕತಾಳೀಯ. ಹೆಸರಿಟ್ಟವರಿಗೆ ಮಾತ್ರ ಅದರಿಂದ ಬಹಳ ಅನುಕೂಲವಾಗಿತ್ತು.

ಹಗಲೆಲ್ಲ ಮೆಷಿನ್ನು ಓಡಿಸಿದವನು ಮನೆಗೆ ಬಂದು ಕಾಲು ಚಾಚಿ ಮಲಗಬೇಕಲ್ಲವೆ? ಕೊಕ್ಕರೆ ಮನೆಗೆ ಬಂದು ಇನ್ನೊಂದು ಮೆಷಿನ್ನು ಓಡಿಸುತ್ತಿದ್ದ. ಅದು ಆಟಿಕೆಯದ್ದು. ತೂತು ತೂತಿನ ಪ್ಲಾಸ್ಟಿಕ್ ಪಟ್ಟಿ, ಹಲ್ಲುಚಕ್ರ, ಗೂಟ, ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಲಾರಿ, ಕ್ರೇನು, ಟ್ರಾಕ್ಟರು ಕಟ್ಟುತ್ತಾರಲ್ಲ, ಆ ಜಾತಿಯದ್ದು. ಹನ್ನೆರಡು ವರ್ಷಗಳ ಹಿಂದೆ ಅಕ್ಕನ ಮಗನ ಹುಟ್ಟಿದ ದಿನಕ್ಕೆಂದು ಮೊದಲ ಪೆಟ್ಟಿಗೆ ತಂದಿದ್ದ. ಎಲ್ಲ ತುಂಡುಗಳೂ ಸರಿಯಾಗಿವೆಯೋ ಇಲ್ಲವೋ ನೋಡೋಣ ಎಂದು ಹಿಂದಿನ ದಿನ ಒಂದಿಷ್ಟು ಬಿಚ್ಚಿದ. ಅಕ್ಕನ ಮಗನಿಗೆ ತಲುಪಿದ್ದು ಒಂದು ಪೆನ್ನು. ಆ ಹುಡುಗನಿಗೆ ಈಗ ಮೀಸೆ ಬಂದು ಮದುವೆಯ ಮಾತೂ ನಡೆದಿದೆ. ಮಾವ ಮಾತ್ರ ಇನ್ನೂ ತುಂಡುಗಳನ್ನು ಸರಿ ನೋಡುತ್ತಲೇ ಇದ್ದಾನೆ.

ಮೊದಮೊದಲು ಕೈಯಲ್ಲಿ ತಳ್ಳುವ ಗಾಡಿಗಳು. ಆಮೇಲೆ ಮೋಟರು ಬಂತು, ಬ್ಯಾಟರಿ ಡಬ್ಬಿ ಬಂತು, ರಿಮೋಟು ಬಂತು. ಕೊನೆಗೆ ಗಾಳಿಯ ಸಾಮಾನು ಬಂದಾಗ ಕೊಕ್ಕರೆ ಪೂರ್ತಿ ಕೈತಪ್ಪಿ ಹೋದ. ಪುಟ್ಟ ಮೋಟರು ಟಕಟಕ ಎಂದು ಪುಟ್ಟ ಪಂಪನ್ನು ಒತ್ತುತ್ತದೆ. ಗಾಳಿ ಬಂದು ಒಂದು ಸಣ್ಣ ಟ್ಯಾಂಕಿನಲ್ಲಿ ತುಂಬುತ್ತದೆ. ವಾಲ್ವಿನ ಹಿಡಿಕೆ ಹಿಂದೆ ಎಳೆದರೆ ಗಾಳಿ ದಾರದಷ್ಟು ತೆಳ್ಳಗಿನ ರಬ್ಬರು ಕೊಳವೆಯಲ್ಲಿ ಓಡಿ ಸಿಲಿಂಡರನ್ನು ಉದ್ದ ಮಾಡುತ್ತದೆ, ತೋಳು ಮೇಲೇಳುತ್ತದೆ. ಮುಂದೆ ತಳ್ಳಿದರೆ ಉಸ್ಸೆಂದು ಇಳಿಯುತ್ತದೆ. ಆ ಉಸ್ಸೆನ್ನುವ ಸದ್ದು ಕೇಳಿ ಹೆಂಡತಿ, ಮನೇಲಿ ನಾನೊಬ್ಬಳು ನಿಟ್ಟುಸಿರು ಬಿಡೋದು ಸಾಲದೂಂತ ಇದನ್ನೂ ತಂದ್ರಾ ಎಂದು ಕೇಳಿದ್ದಳು. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವವಳು. ಎದುರು ಕೂತವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಈ ಆಟದಲ್ಲಿ ಅವನಿಗಿದ್ದ ಜೊತೆಗಾರರೆಂದರೆ ಅತ್ತೆ. ಅಂದರೆ ಹೆಂಡತಿಯ ತಾಯಿ. ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹದಿನೈದು ದಿನಕ್ಕೆಂದು ಬಂದು ಹನ್ನೊಂದು ವರ್ಷ ಆಗಿತ್ತು. ಹುಡುಗಿಯರ ಶಾಲೆಯಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿದ ಟೀಚರು. ಕಣ್ಣು ಸರಿಯಾದ ಮೊದಲನೇ ವಾರವೇ ಅಳಿಯನ ಕೋಣೆಗೆ ಹೋಗಿ, ನೆಲದ ಮೇಲೆ ಚೆಲ್ಲಾಡಿದ್ದ ಮೂರು ಸಾವಿರ ತುಂಡುಗಳನ್ನು ನೋಡಿ, ಇದೇನು ಕೋಣೆಯೋ ಕಸದ ತೊಟ್ಟಿಯೋ ಎಂದವರು, ಸಂಜೆಯ ಹೊತ್ತಿಗೆ ಎಲ್ಲವನ್ನೂ ಬಣ್ಣವಾರು, ಉದ್ದವಾರು ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿ ಚೀಟಿ ಅಂಟಿಸಿಬಿಟ್ಟಿದ್ದರು. ಮರುದಿನ ಹಲ್ಲುಚಕ್ರ ಎಲ್ಲಿಟ್ಟಿರಿ ಎಂದು ಅಳಿಯ ಕೇಳಿದ. ಅವತ್ತಿನಿಂದ ಅವರೂ ಆ ಕೋಣೆಯಲ್ಲೇ.

ಇಬ್ಬರಿಗೂ ಒಂದೇ ಒಂದು ವಿಷಯದಲ್ಲಿ ತಕರಾರು. ಪೆಟ್ಟಿಗೆಯ ಜೊತೆ ಬರುವ ಚಿತ್ರಗಳ ಪುಸ್ತಕವನ್ನು ಕೊಕ್ಕರೆ ಮುಟ್ಟುತ್ತಿರಲಿಲ್ಲ. ಅದರಲ್ಲಿ ಅಕ್ಷರವೇ ಇರುವುದಿಲ್ಲ. ಪುಟಕ್ಕೊಂದು ಹೆಜ್ಜೆಯಂತೆ ಬರೀ ಚಿತ್ರ. ಓದು ಬರದವನೂ ನೋಡಿ ಕಟ್ಟಬಹುದು. ಕೊಕ್ಕರೆಗೆ ಅದೇ ಅವಮಾನ. ನಿಜವಾದ ಮೆಷಿನ್ನನ್ನೇ ಕಣ್ಣು ಮುಚ್ಚಿ ಓಡಿಸುವವನು ಆಟಿಕೆಗೆ ಪುಸ್ತಕ ನೋಡುವುದೆ? ಅತ್ತೆಗೆ ಪುಸ್ತಕ ಬಿಟ್ಟರೆ ದೇವರಿಲ್ಲ. ಅಳತೆ ತೆಗೆಯದೆ ಕತ್ತರಿ ಹಾಕುವವರನ್ನು ಕಂಡರೆ ಆಗದ ಜೀವ ಅದು. ಕೊಕ್ಕರೆ ತಲೆಯಿಂದ ಕಟ್ಟುತ್ತಿದ್ದ, ಅತ್ತೆ ಪುಸ್ತಕ ತೆರೆದುಕೊಂಡು ಅವನ ಹಿಂದೆ ತಪ್ಪು ಹುಡುಕುತ್ತಿದ್ದರು. ಹತ್ತಕ್ಕೆ ಎಂಟು ಸಲ ತಪ್ಪು ಸಿಗುತ್ತಿತ್ತು. ಆದರೂ ಅಳಿಯನ ಮರ್ಯಾದೆ ದೊಡ್ಡದು. ಬಾಯಿಬಿಟ್ಟು ಹೇಳದೆ, ಅವನು ಕೆಲಸಕ್ಕೆ ಹೋದಾಗ ತಾವೇ ಸರಿಮಾಡಿ ಇಡುತ್ತಿದ್ದರು. ಸಂಜೆ ಬಂದು ನೋಡಿದರೆ ಗಾಡಿ ಓಡುತ್ತಿತ್ತು. ನಿನ್ನೆ ಓಡದ್ದು ಇವತ್ತು ಓಡಿತಲ್ಲ, ಪ್ಲಾಸ್ಟಿಕ್ಕೂ ಒಂದು ರಾತ್ರಿ ಪಳಗಬೇಕು ನೋಡಿ ಅತ್ತೆ ಎಂದು ಅವನು ವಿವರಿಸುತ್ತಿದ್ದ. ಅತ್ತೆ ಹೌದು ಹೌದು ಎನ್ನುತ್ತಿದ್ದರು.

ಹೀಗಿರುವಾಗ ಕಂಪನಿಗೆ ಹೊಸ ಮೆಷಿನ್ನು ಬಂತು.

ಮಣ್ಣು ಅಗೆಯುವ ಮೆಷಿನ್ನಿನ ತೋಳು ನಮ್ಮ ತೋಳಿನ ಹಾಗೆಯೇ. ಬುಡದಲ್ಲಿ ಭುಜ, ಮಧ್ಯೆ ಮೊಣಕೈ, ತುದಿಯಲ್ಲಿ ಅಂಗೈಯ ಹಾಗೆ ಬಕೆಟ್ಟು. ಓಡಿಸುವವನ ಎರಡೂ ಕೈಗೆ ಒಂದೊಂದು ಹಿಡಿಕೆ. ಹಳೆಯ ಮೆಷಿನ್ನಿನಲ್ಲಿ ಭುಜ ಎಡಗೈ ಹಿಡಿಕೆಯಲ್ಲಿ, ಮೊಣಕೈ ಬಲಗೈ ಹಿಡಿಕೆಯಲ್ಲಿ. ಹೊಸದರಲ್ಲಿ ಅದು ಅದಲುಬದಲು: ಎಡಗೈಯಲ್ಲಿ ಮೊಣಕೈ, ಬಲಗೈಯಲ್ಲಿ ಭುಜ. ಮಿಕ್ಕಿದ್ದೆಲ್ಲ ಹಿಂದಿನಂತೆ. ಕೇಳಲು ಇಷ್ಟೇ. ಆದರೆ ಇಪ್ಪತ್ತಾರು ವರ್ಷ ಬಲಗೈಯಲ್ಲಿ ಉಂಡವನಿಗೆ ನಾಳೆಯಿಂದ ಎಡಗೈಯಲ್ಲಿ ಉಣ್ಣು, ಒಂದು ಅಗುಳೂ ಬೀಳಬಾರದು ಎಂದರೆ ಹೇಗೋ ಹಾಗೆ.

ಸೂಪರ್‌ವೈಸರು ಶುಕ್ರವಾರ ವಿಷಯ ತಿಳಿಸಿದ. ಹಳೆಯ ಮೆಷಿನ್ನು ಗುಜರಿಗೆ. ಮುಂದಿನದರ ಮುಂದಿನ ಸೋಮವಾರ ದೊಡ್ಡ ಆಫೀಸಿನಿಂದ ಇಂಜಿನಿಯರು ಬಂದು ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಪಾಸಾದರೆ ಹೊಸ ಮೆಷಿನ್ನು ಕೊಕ್ಕರೆಗೆ. ಇಲ್ಲದಿದ್ದರೆ ಬೇರೆ ಕಡೆಯಿಂದ ಒಬ್ಬ ಆಪರೇಟರು ಬರುತ್ತಾನೆ, ಕೊಕ್ಕರೆ ಗೇಟಿನಲ್ಲಿ ಕೂತು ಬಂದುಹೋಗುವ ಲಾರಿಗಳ ನಂಬರು ಬರೆದುಕೊಳ್ಳಬೇಕು. ಸಂಬಳವೇನೂ ಕಡಿಮೆಯಾಗುವುದಿಲ್ಲ ಎಂದು ಸೂಪರ್‌ವೈಸರು ಸಮಾಧಾನ ಹೇಳಿದ. ಕೊಕ್ಕರೆಗೆ ಹೆಚ್ಚು ಚುಚ್ಚಿದ್ದು ಆ ಸಮಾಧಾನವೇ. ಐವತ್ನಾಲ್ಕು ವಯಸ್ಸಿಗೆ ಕೈ ಮುಗಿದುಹೋಯಿತು ಅನ್ನಿಸಿಕೊಂಡು, ಗೇಟಿನ ಕುರ್ಚಿಯಲ್ಲಿ ಕೂತು, ಇನ್ನೊಬ್ಬ ತೋಳು ಎತ್ತುವುದನ್ನು ದಿನವೂ ನೋಡಬೇಕಲ್ಲ. ಹೊಸ ಮೆಷಿನ್ನಿನ ಕೀಲಿಯೋ ಪರೀಕ್ಷೆಯವರೆಗೂ ಆಫೀಸಿನ ಕಪಾಟಿನಲ್ಲಿ.

ಮನೆಯಲ್ಲಿ ಅವನು ಯಾರಿಗೂ ಬಾಯಿ ಬಿಡಲಿಲ್ಲ. ಪಾಸಾದ ಮೇಲೆ ಹೇಳಿದರಾಯಿತು, ಫೇಲಾದರೆ ಹೇಗೂ ಗೊತ್ತಾಗುತ್ತದೆ. ಆದರೆ ಶನಿವಾರ ಸಂಜೆ ಕೋಣೆಗೆ ಹೋಗಿ ಕಪಾಟಿನಿಂದ ಗಾಳಿಯ ಮೆಷಿನ್ನನ್ನು ಇಳಿಸಿದ. ತನ್ನದೇ ಮೆಷಿನ್ನಿನ ಮರಿ ಅದು, ಹಳದಿ ಬಣ್ಣದ್ದು, ಮೊಳದುದ್ದದ ತೋಳಿನದ್ದು. ಎಡವಾಲ್ವಿನ ಕೊಳವೆಗಳನ್ನು ಕಿತ್ತು ಮೊಣಕೈ ಸಿಲಿಂಡರಿಗೆ ಹಾಕಿದ, ಬಲವಾಲ್ವಿನದ್ದನ್ನು ಭುಜದ ಸಿಲಿಂಡರಿಗೆ. ಈಗ ಮರಿಯೂ ಹೊಸ ಮೆಷಿನ್ನಿನ ಹಾಗಾಯಿತು. ಅದರ ಬೆನ್ನು ತನ್ನ ಕಡೆಗೆ ಬರುವಂತೆ ಇಟ್ಟುಕೊಂಡು, ಅತ್ತೆಯ ಗುಂಡಿ ಡಬ್ಬಿಯಿಂದ ಅಂಗಿಯ ಗುಂಡಿಗಳನ್ನು ತಟ್ಟೆಗೆ ಸುರಿದು, ಒಂದು ತಟ್ಟೆಯಿಂದ ಇನ್ನೊಂದಕ್ಕೆ ತುಂಬಲು ಕೂತ. ಬದುಕಿಡೀ ಗುಂಡಿ ತೋಡಿದವನು ಈಗ ಗುಂಡಿಗಳನ್ನೇ ತೋಡುವಂತಾಯಿತು.

ತಿರುಗಿಸುವ ಮೋಟರಿನ ರಿಮೋಟು ಹಿಡಿದು ಕೊಳವೆ ಹಾಕಿಯಾದ ಮೇಲೆ ಬಂದು ಪಕ್ಕದಲ್ಲಿ ಕೂತ ಅತ್ತೆ ಅವನ ಪರದಾಟವನ್ನೆಲ್ಲ ನೋಡಿದರು. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ಎತ್ತಬೇಕಾದಲ್ಲಿ ಬಕೆಟ್ಟು ಒಳಗೆ ಮಡಚುತ್ತದೆ, ಚಾಚಬೇಕಾದಲ್ಲಿ ತಟ್ಟೆಗೆ ಹೊಡೆಯುತ್ತದೆ. ಗುಂಡಿಗಳು ಮಂಚದ ಕೆಳಗೆ, ಹೊಲಿಗೆ ಮೆಷಿನ್ನಿನ ಪೆಡಲಿನ ಸಂದಿಗೆ. ಅಳಿಯ ಹಲ್ಲು ಕಚ್ಚಿ ಮತ್ತೆ ಮತ್ತೆ ಎಳೆಯುತ್ತಾನೆ, ಬೆವರು ಒರೆಸಿಕೊಳ್ಳುತ್ತಾನೆ. ಊಟದ ಮುಂದೆ ಕೂತರೂ ಎರಡೂ ಕೈ ಗಾಳಿಯಲ್ಲಿ ಏನೋ ಎಳೆಯುತ್ತವೆ. ಅತ್ತೆಗೆ ಕರುಳು ಚುರುಕ್ಕೆಂದಿತು. ಬುಧವಾರ ಅವನು ಕೆಲಸಕ್ಕೆ ಹೋದ ಮೇಲೆ ಪುಸ್ತಕ ತೆಗೆದು ನೋಡಿದರೆ, ಮೂವತ್ತೊಂದನೇ ಪುಟ! ಎಡದ ಕೊಳವೆ ಬಲಕ್ಕೆ, ಬಲದ್ದು ಎಡಕ್ಕೆ. ಇಷ್ಟೇ ವಿಷಯಕ್ಕೆ ಪಾಪ ನಾಲ್ಕು ದಿನ ಒದ್ದಾಡಿದರಲ್ಲ! ಎಲ್ಲ ಕೊಳವೆಯನ್ನೂ ಕಿತ್ತು, ಸಡಿಲವಾದ ತುದಿಗಳನ್ನು ಕತ್ತರಿಯಲ್ಲಿ ಒಂದು ಎಳೆಯಷ್ಟು ಕತ್ತರಿಸಿ, ಪುಸ್ತಕದಲ್ಲಿದ್ದ ಹಾಗೆ ಸಿಕ್ಕಿಸಿ, ನೋಡಲು ಚೆಂದವಿರಲೆಂದು ಕಪ್ಪು ದಾರದಿಂದ ಕಂತೆ ಕಟ್ಟಿ ಇಟ್ಟರು. ಎಂದಿನಂತೆ ತುಟಿ ಪಿಟಕ್ಕೆನ್ನಲಿಲ್ಲ.

ಬುಧವಾರ ಸಂಜೆ ಕೊಕ್ಕರೆ ಹಿಡಿಕೆ ಹಿಡಿದ. ಬಕೆಟ್ಟು ಇಳಿಯಿತು, ಮೂರು ಗುಂಡಿ ಹೆಕ್ಕಿತು, ಎದ್ದಿತು, ಅತ್ತೆ ತಿರುಗಿಸಿದರು, ಸುರಿಯಿತು. ಮತ್ತೆ ಇಳಿಯಿತು. ನೀರು ಕುಡಿದಷ್ಟು ಸಲೀಸು! ಕೈ ಯಾವುದನ್ನು ಎಳೆಯುತ್ತಿದೆ ಎಂದು ಅವನು ಗಮನಿಸಲಿಲ್ಲ. ಇಪ್ಪತ್ತಾರು ವರ್ಷದಿಂದ ಅವನು ತನ್ನ ಕೈಗಳನ್ನು ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದೇ ಇಲ್ಲ. ಬಕೆಟ್ಟಿನ ತುದಿ ನೋಡುತ್ತಿದ್ದ, ಮಿಕ್ಕಿದ್ದನ್ನು ಅವು ನೋಡಿಕೊಳ್ಳುತ್ತಿದ್ದವು. ನಾಲ್ಕೇ ದಿನಕ್ಕೆ ಕಲಿತುಬಿಟ್ಟವಲ್ಲ ಎಂದು ಎದೆ ಉಬ್ಬಿತು. ಗುರುವಾರ ಗುಂಡಿ ಬಿಟ್ಟು ಟಾಚಣಿ ಎತ್ತಿದ. ಶುಕ್ರವಾರ ಹೆಂಡತಿಯನ್ನು ಕೂರಿಸಿಕೊಂಡು, ಅವಳ ಕನ್ನಡಕವನ್ನು ಬಕೆಟ್ಟಿನಲ್ಲಿ ಎತ್ತಿ ಅವಳ ಕೈಗೇ ಕೊಟ್ಟ. ಅದನ್ನು ಒರೆಸಿಕೊಡೋಕೆ ಬರಲ್ವಾ ನಿಮ್ಮ ಮೆಷಿನ್ನಿಗೆ ಎಂದು ಅವಳು ಕೇಳಿದಳು. ಅತ್ತೆ ರಿಮೋಟು ಹಿಡಿದು ಒಳಗೊಳಗೇ ನಗುತ್ತಿದ್ದರು. ಇಡೀ ಮನೆಗೆ ಮನೆಯೇ ಸುಖವಾಗಿತ್ತು.

ಶನಿವಾರ ಮಧ್ಯಾಹ್ನ ಜಲ್ಲಿ ತಂದ ಲಾರಿಗೆ ಹೊಸ ಮೆಷಿನ್ನು ಅಡ್ಡವಾಯಿತು. ಸೂಪರ್‌ವೈಸರು ಕೀಲಿ ತಂದುಕೊಟ್ಟು, ತೋಳು ಸ್ವಲ್ಪ ಎತ್ತಿ ಹತ್ತಡಿ ಹಿಂದಕ್ಕೆ ತೆಗೆದುಕೋ ಎಂದು ಕುರ್ಚಿಯಿಂದೆದ್ದು ಪಕ್ಕಕ್ಕೆ ಬಂದ. ಕೊಕ್ಕರೆ ಮದುಮಗನ ಹಾಗೆ ಹತ್ತಿ ಕೂತ. ಹಿಡಿಕೆ ಎಳೆದ. ತೋಳು ಏಳಲಿಲ್ಲ. ಬಕೆಟ್ಟು ನೆಲ ಕೆರೆಯುತ್ತ ಒಳಕ್ಕೆ ಬಂತು. ಬರುತ್ತ ಸೂಪರ್‌ವೈಸರನ ಪ್ಲಾಸ್ಟಿಕ್ ಕುರ್ಚಿಯನ್ನು ಬಾಚಿ ತಬ್ಬಿಕೊಂಡು ಬಂತು. ಕುರ್ಚಿ ಹಪ್ಪಳವಾಯಿತು.

ಸೂಪರ್‌ವೈಸರು ಕೆಟ್ಟವನಲ್ಲ. ಕುರ್ಚಿಯ ಒಂದು ಕಾಲು ಎತ್ತಿ ನೋಡಿ ಹೇಳಿದ: "ಸೋಮವಾರ ನಾನು ನಿಂತ್ಕೊಂಡೇ ನೋಡ್ತೀನಿ ಬಿಡು ಕೊಕ್ಕರೆ."

ಕೆಲಸದವರೆಲ್ಲ ನಕ್ಕರು. ಕೊಕ್ಕರೆಯೂ ನಕ್ಕು, ಇಳಿದು ಕೀಲಿಯನ್ನು ಹಿಂದಕ್ಕೆ ಕೊಟ್ಟ. ಮನೆಯವರೆಗೂ ನಡೆದೇ ಬಂದ. ಆಟಿಕೆಯಲ್ಲಿ ಅಷ್ಟು ಚೆನ್ನಾಗಿ ಕಲಿತ ಕೈ ನಿಜವಾದ ಹಿಡಿಕೆ ಹಿಡಿದ ಕೂಡಲೇ ಮರೆತುಬಿಟ್ಟಿತೆಂದರೆ ಇನ್ನು ಅದನ್ನು ನಂಬುವುದು ಹೇಗೆ? ಕಲಿಯದ ಕೈಗಾದರೆ ಕಲಿಸಬಹುದು. ಕಲಿತು ಮರೆಯುವ ಕೈಗೆ ಗೇಟೇ ಸರಿ. ಅವನ ಅಪ್ಪನಿಗೂ ಕೊನೆಕೊನೆಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಮರೆತುಹೋಗಿತ್ತು. ಅದು ನೆನಪಾಗಿ ದಾರಿಯಲ್ಲಿ ಒಂದು ಕಡೆ ನಿಂತುಬಿಟ್ಟ.

ಮನೆಗೆ ಬಂದವನು ಚಹ ಬೇಡವೆಂದ. ಹೆಂಡತಿ ಮುಖ ನೋಡಿ ಬೀದಿಬಾಗಿಲು ಹಾಕಿ ಎದುರಿಗೆ ಕೂತಳು. ಆಗ ಎಲ್ಲ ಹೊರಬಂತು: ಹೊಸ ಮೆಷಿನ್ನು, ಪರೀಕ್ಷೆ, ಗೇಟು, ಕುರ್ಚಿ. ಪರೀಕ್ಷೆಗೆ ಹೋಗುವುದಿಲ್ಲ, ಸೋಮವಾರ ಬೆಳಿಗ್ಗೆ ನಾನೇ ಹೇಳಿ ಗೇಟಿಗೆ ಹೋಗಿಬಿಡುತ್ತೇನೆ ಎಂದ. ಮರಿಯ ಕೊಳವೆಗಳನ್ನು ಬೇಕೆಂದೇ ಅದಲುಬದಲು ಹಾಕಿ ಅಭ್ಯಾಸ ಮಾಡಿದ್ದನ್ನೂ ಹೇಳಿದ.

ಕೋಣೆಯ ಬಾಗಿಲ ಬಳಿ ಗುಂಡಿ ಡಬ್ಬಿ ಹಿಡಿದು ನಿಂತಿದ್ದ ಅತ್ತೆ ಡಬ್ಬಿಯನ್ನು ಮೆಲ್ಲನೆ ಕೆಳಗಿಟ್ಟರು.

"ಬೇಕೂಂತ ಹಾಕಿದ್ರಾ?"

"ಬೇಕೂಂತಲೇ ಅತ್ತೆ. ಹೊಸ ಮೆಷಿನ್ನು ಹಾಗೇ ಇರೋದು."

ಅತ್ತೆ ಒಳಗೆ ಹೋದರು. ಪುಸ್ತಕ ತಂದರು. ಮೂವತ್ತೊಂದನೇ ಪುಟ ತೆಗೆದು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಮರಿಯನ್ನಿಟ್ಟು, ಕಪ್ಪು ದಾರದ ಕಂತೆಯನ್ನು ತೋರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ತಲೆ ತಗ್ಗಿಸಿ ನಿಲ್ಲಿ ಎಂದು ಗದರಿದವರು ಈಗ ತಾವೇ ತಲೆ ತಗ್ಗಿಸಿದ್ದರು.

"ಬುಧವಾರ ನಾನೇ ಸರಿ ಮಾಡಿಟ್ಟೆ ಅಳಿಯಂದ್ರೇ. ನೀವು ಯಾವಾಗಿನ ಹಾಗೆ ತಪ್ಪು ಹಾಕಿದೀರಿ ಅಂದ್ಕೊಂಡೆ."

ಕೊಕ್ಕರೆ ಕಂತೆ ನೋಡಿದ. ಎಡ ಹಿಡಿಕೆ ಎಳೆದ. ಭುಜ ಎದ್ದಿತು. ಇನ್ನೊಮ್ಮೆ ಎಳೆದ. ಮತ್ತೆ ಭುಜವೇ ಎದ್ದಿತು. ಮೂರು ದಿನ ಅವನು ಹೊಸದೇನನ್ನೂ ಕಲಿತಿರಲಿಲ್ಲ. ಇಪ್ಪತ್ತಾರು ವರ್ಷದ ಹಳೆಯ ಪಾಠವನ್ನೇ ಒಪ್ಪಿಸಿ ಬೆನ್ನು ತಟ್ಟಿಕೊಂಡಿದ್ದ.

ಈಗ ಮನೆಯಲ್ಲಿ ಜಗಳವಾಗುತ್ತದೆ ಎಂದು ಹೆಂಡತಿ ಕಾದಳು. ಕೊಕ್ಕರೆ ಉದ್ದ ಕತ್ತನ್ನು ಹಿಂದಕ್ಕೆ ಚೆಲ್ಲಿ, ಕುರ್ಚಿಗೆ ಒರಗಿ, ಮರಿಯ ಸಿಲಿಂಡರಿಗಿಂತ ಜೋರಾಗಿ ಉಸ್ಸೆಂದ. ಆಮೇಲೆ ನಗಲು ಶುರು ಮಾಡಿದ. ಎದೆಯ ಮೇಲಿನ ಬಂಡೆಯನ್ನು ಯಾರೋ ಬಕೆಟ್ಟಿನಲ್ಲಿ ಎತ್ತಿ ಪಕ್ಕಕ್ಕೆ ಹಾಕಿದಂತಿತ್ತು.

"ಅಂದ್ರೆ ನನ್ನ ಕೈ ಮರೆತಿಲ್ಲ ಅತ್ತೆ. ಕಲಿತೇ ಇಲ್ಲ!"

ಪರೀಕ್ಷೆಗೆ ಎರಡು ದಿನ ಇಟ್ಟುಕೊಂಡು, ಏನೂ ಕಲಿತಿಲ್ಲವೆಂದು ಇಷ್ಟು ಸಂತೋಷಪಟ್ಟ ಇನ್ನೊಬ್ಬ ಮನುಷ್ಯ ಇರಲಾರ. ಒಂದೂವರೆ ದಿನ, ಎಂದು ಅತ್ತೆ ತಿದ್ದಿದರು. ತಿದ್ದಿದ ಕ್ಷಣದಲ್ಲೇ ಅವರೊಳಗಿನ ಟೀಚರು ಎದ್ದು ಕೂತಿದ್ದಳು.

ಕೊಳವೆಗಳು ಮತ್ತೆ ಅದಲುಬದಲಾದವು. ಈ ಸಲ ಅತ್ತೆ ಮೊಣಕೈ ಸಿಲಿಂಡರಿಗೆ ಒಂದು ಕೆಂಪು ತುಂಡು, ಭುಜದ ಸಿಲಿಂಡರಿಗೆ ಒಂದು ಬಿಳಿ ತುಂಡು ಸಿಕ್ಕಿಸಿದರು. ಅಳಿಯನ ಕೆಲಸದ ಅಂಗಿ ತರಿಸಿ, ಎಡತೋಳಿನ ತುದಿಯ ಗುಂಡಿ ಕಿತ್ತು ಕೆಂಪು ಗುಂಡಿ ಹೊಲಿದರು, ಬಲತೋಳಿಗೆ ಬಿಳಿಯದು. "ಕೆಂಪು ಮೊಣಕೈ, ಬಿಳಿ ಭುಜ. ಬಾಯಲ್ಲಿ ಹೇಳ್ಕೊಂಡು ಎಳೀಬೇಕು. ಹೇಳದೆ ಎಳೆದರೆ ಲೆಕ್ಕಕ್ಕಿಲ್ಲ." ಶನಿವಾರ ಸಂಜೆ ಊಟದವರೆಗೆ, ಭಾನುವಾರ ಬೆಳಗಿನ ಚಹದಿಂದ ಸಂಜೆಯ ಚಹದವರೆಗೆ ಇದೇ ಮಂತ್ರ. ತಪ್ಪಿದಾಗಲೆಲ್ಲ ಅತ್ತೆ ಅಳತೆ ಟೇಪಿನ ತುದಿಯಿಂದ ಮೇಜಿಗೆ ಟಪ್ಪೆಂದು ಬಡಿಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಸತ್ತಿತು. ಹೆಂಡತಿ ಗೋಡೆ ಗಡಿಯಾರದ ಬ್ಯಾಟರಿ, ಟಾರ್ಚಿನ ಬ್ಯಾಟರಿ ಎಲ್ಲ ಕಿತ್ತುಕೊಟ್ಟಳು. ಗಡಿಯಾರ ಎರಡೂಕಾಲಿಗೆ ನಿಂತಿತು. ಸಂಜೆ ಕೊಕ್ಕರೆ ಒಂದೂ ಬೀಳಿಸದೆ ನಲವತ್ತು ಗುಂಡಿ ದಾಟಿಸಿದ. ನಲವತ್ತೊಂದನೆಯದು ಬಿತ್ತು. ಅತ್ತೆ ಟೇಪು ಬಡಿಯಲಿಲ್ಲ. ಸಾಕು, ಇಷ್ಟಕ್ಕೆ ನಾನು ಮಕ್ಕಳನ್ನ ಪಾಸು ಮಾಡ್ತಿದ್ದೆ ಎಂದರು.

ಸೋಮವಾರ ದೊಡ್ಡ ಇಂಜಿನಿಯರು ಬಂದರು. ಸುಣ್ಣದ ಗೆರೆಯ ಪಕ್ಕದಲ್ಲೇ ಮೊಳದಷ್ಟು ಅಗಲದ ಕಾಲುವೆ ತೋಡಬೇಕು, ಗೆರೆ ಅಳಿಸಬಾರದು. ಮಣ್ಣನ್ನು ಲಾರಿಗೆ ತುಂಬಬೇಕು, ಲಾರಿಗೆ ತಗುಲಬಾರದು. ಸೂಪರ್‌ವೈಸರು ಹೇಳಿದ ಮಾತಿಗೆ ತಪ್ಪದೆ, ನಿಂತುಕೊಂಡೇ ಇದ್ದ, ಸಾಕಷ್ಟು ದೂರದಲ್ಲಿ.

ಕೊಕ್ಕರೆ ಹತ್ತಿ ಕೂತ. ಎಡಗೈ ತಾನಾಗಿಯೇ ಹಿಂದಕ್ಕೆ ಎಳೆಯಲು ಹೊರಟಿತು, ಹಿಡಿಕೆ ಕೂದಲೆಳೆಯಷ್ಟು ಅಲುಗಿತ್ತು ಕೂಡ. ಅಷ್ಟರಲ್ಲಿ ಕೆಂಪು ಗುಂಡಿ ಕಣ್ಣಿಗೆ ಬಿತ್ತು, ಕಿವಿಯಲ್ಲಿ ಎಲ್ಲೋ ಟೇಪು ಟಪ್ಪೆಂದಿತು. ಕೈ ನಿಂತಿತು. ಕೆಂಪು ಮೊಣಕೈ, ಬಿಳಿ ಭುಜ, ಎಂದು ಗಟ್ಟಿಯಾಗಿಯೇ ಹೇಳಿ ಬಲಗೈ ಎಳೆದ. ತೋಳು ಎದ್ದಿತು. ಮೊದಲ ಹತ್ತು ಬಕೆಟ್ಟು ಮಂತ್ರ ಹೇಳುತ್ತ ತುಂಬಿದ. ಹನ್ನೊಂದನೆಯದಕ್ಕೆ ಮಂತ್ರ ಮರೆತದ್ದು ಹದಿನೈದನೆಯದರಲ್ಲಿ ಗೊತ್ತಾಯಿತು. ಅವನು ಬಕೆಟ್ಟಿನ ತುದಿ ನೋಡುತ್ತಿದ್ದ, ಮಿಕ್ಕಿದ್ದನ್ನು ಕೈಗಳು ನೋಡಿಕೊಳ್ಳುತ್ತಿದ್ದವು.

ಇಂಜಿನಿಯರು ಕಾಗದಕ್ಕೆ ಸಹಿ ಹಾಕಿ, ಗೆರೆ ಹಾಗೇ ಇದೆ, ಭೇಷ್ ಎಂದರು. ಆಮೇಲೆ ಅವನ ತೋಳು ನೋಡಿ, ಅಂಗಿಗೆ ಎರಡು ಬಣ್ಣದ ಗುಂಡಿ ಏನ್ರೀ ಎಂದು ಕೇಳಿದರು.

"ಅತ್ತೆ ಹೊಲಿದದ್ದು ಸಾರ್."

ಅವರಿಗೆ ಕಣ್ಣು ಮಂದವಾ ಎಂದು ಇಂಜಿನಿಯರು ಮರುಕಪಟ್ಟರು. ಕೊಕ್ಕರೆ ಇಳಿಯಲೆಂದು ಹಿಂದಕ್ಕೆ ತಿರುಗಿದ. ಸೀಟಿನ ಹಿಂದಿನ ಜೇಬಿನಲ್ಲಿ ಪ್ಲಾಸ್ಟಿಕ್ ಕವರು ಕೂಡ ಹರಿಯದ, ಮೆಷಿನ್ನಿನದೇ ಒಂದು ದಪ್ಪ ಪುಸ್ತಕವಿತ್ತು. ಒಂದು ದಿನದ ಮಟ್ಟಿಗೆ ಮನೆಗೆ ಒಯ್ಯಲೇ ಎಂದು ಕೇಳಿ ತೆಗೆದುಕೊಂಡ. ಅತ್ತೆಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ ನಿಂತ ಗಡಿಯಾರವನ್ನು ಕೆಳಗಿಳಿಸಿ, ಇನ್ನಾದರೂ ಇದಕ್ಕೆ ಬ್ಯಾಟರಿ ತನ್ನಿ, ಗೇಟಿಗೆ ಹಾಕಿದ್ರೆ ಸಂಜೆ ಬೇಗ ಬರ್ತಿದ್ರಿ, ಅದೊಂದು ತಪ್ಪಿಹೋಯ್ತು ಎಂದಳು. ಹೇಳುತ್ತ ಹೇಳುತ್ತ ಒದ್ದೆಯಾದ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡಳು.

ಅತ್ತೆ ಆಗಲೇ ಕವರು ಹರಿದು ಪುಸ್ತಕದೊಳಗೆ ಇಳಿದಿದ್ದರು. ಭಾಷೆ ಯಾವುದೋ ಪರದೇಶದ್ದು. ಆದರೇನು, ಚಿತ್ರಗಳಿದ್ದವು, ಅಕ್ಷರವಿಲ್ಲದ ಪುಸ್ತಕ ಓದಿ ಪಳಗಿದವರು ಅವರು. ಪುಟ ತಿರುಗಿಸಿದರು, ತಿರುಗಿಸಿದರು. ಒಂದು ಕಡೆ ಬೆರಳು ನಿಂತಿತು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಅಳಿಯಂದ್ರೇ, ಆ ಸೀಟಿನ ಹಿಂದೆ ಕೆಳಗಡೆ ಒಂದು ಪುಟ್ಟ ಮುಚ್ಚಳ ಇದೆಯಾ?"

ಇದೆ, ಯಾಕೆ ಎಂದು ಕೊಕ್ಕರೆ ಬಂದು ನೋಡಿದ. ಮುಚ್ಚಳದ ಒಳಗೆ ಒಂದು ಸಣ್ಣ ಹಿಡಿಕೆಯ ಚಿತ್ರ. ಈ ಕಡೆ ತಿರುಗಿಸಿದರೆ ಎಡಗೈಯಲ್ಲಿ ಮೊಣಕೈ, ಬಲಗೈಯಲ್ಲಿ ಭುಜ. ಆ ಕಡೆ ತಿರುಗಿಸಿದರೆ ಎಡಗೈಯಲ್ಲಿ ಭುಜ, ಬಲಗೈಯಲ್ಲಿ ಮೊಣಕೈ, ಹಳೆಯ ಮೆಷಿನ್ನಿನಲ್ಲಿ ಇದ್ದ ಹಾಗೆಯೇ. ಒಂದು ನಿಮಿಷದ ಕೆಲಸ ಎಂಬುದಕ್ಕೆ ಪಕ್ಕದಲ್ಲಿ ಗಡಿಯಾರದ ಚಿತ್ರವನ್ನೂ ಬರೆದಿದ್ದರು.

ಹೆಂಡತಿಯೂ ಬಗ್ಗಿ ನೋಡಿದಳು. ಮೊದಲು ನಕ್ಕವಳು ಹೆಂಡತಿ. ಆಮೇಲೆ ಅತ್ತೆ ಬಾಯಿಗೆ ಸೆರಗು ಹಿಡಿದರು. ಕೊಕ್ಕರೆ ಮಾತ್ರ ಗಂಭೀರವಾಗಿ ಪುಸ್ತಕ ಮುಚ್ಚಿ, ಈ ಪುಟದ ವಿಷಯ ಈ ಕೋಣೆ ಬಿಟ್ಟು ಆಚೆ ಹೋಗಕೂಡದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡ.

ಅತ್ತೆ ಕಣ್ಣೊರೆಸಿಕೊಂಡು ಕತ್ತರಿ ಕೈಗೆತ್ತಿಕೊಂಡರು. ಪರೀಕ್ಷೆ ಮುಗಿಯಿತಲ್ಲ, ಇನ್ನು ಮರಿಯ ಕೊಳವೆಗಳನ್ನು ಮೂವತ್ತೊಂದನೇ ಪುಟದ ಹಾಗೆ ಹಾಕಿಬಿಡುತ್ತೇನೆ ಎಂದರು.

"ದಯವಿಟ್ಟು ಮುಟ್ಟಬೇಡಿ ಅತ್ತೆ," ಎಂದು ಕೊಕ್ಕರೆ ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿನ ಮೇಲುಗಡೆ, ತನ್ನ ಕತ್ತಿಗೆ ಮಾತ್ರ ಎಟಕುವ ಕಡೆ ಇಟ್ಟ.